ತಗಡಿನ ಊರಿಗೆ ಲೈನ್ ಕ್ಲಿಯರ್

ನಮ್ಮ ಬೇಸ್‌ಮೆಂಟಿನಲ್ಲಿರುವ ಊರಿನಲ್ಲಿ ಮನೆಗಳಿಗಿಂತ ದೀಪದ ಕಂಬಗಳೇ ಎತ್ತರ. ಮನೆ 4 ಇಂಚು, ಕಂಬ 7.5 ಇಂಚು. ಲೆವೆಲ್ ಕ್ರಾಸಿಂಗಿನ ಗೇಟ್‌ಮ್ಯಾನ್ ಯಾವತ್ತಾದರೂ ರಜೆ ಹಾಕಿ ರೈಲು ಹತ್ತಲು ಹೋದರೆ ಡಬ್ಬಿಯ ಬಾಗಿಲಲ್ಲಿ ಅವನ ಹೆಗಲು ತೂರುವುದಿಲ್ಲ. ಸ್ಟೇಷನ್ನಿನ ಛಾವಣಿ ಹಸಿ ಬಟಾಣಿಯ ಬಣ್ಣ, ಎಂಜಿನ್ನಿನದು ನವಿಲು ಬಣ್ಣ, ಡಬ್ಬಿಗಳ ಕಿಟಕಿ ಚೌಕಟ್ಟು ಕಿತ್ತಳೆ. ಯಾವ ದೇಶದ ಯಾವ ರೈಲ್ವೆಯೂ ಇಂಥ ಬಣ್ಣ ಬಳಿದುಕೊಂಡು ಓಡಿದ್ದಿಲ್ಲ.

ನೋಡಲು ಬರುವ ಮಕ್ಕಳು ನೇರವಾಗಿ ಸ್ವಿಚ್ಚು ಎಲ್ಲಿದೆ ಎಂದು ಕೇಳುತ್ತಾರೆ. ಸ್ಕೇಲ್ ಮಾಡೆಲ್ ಕಟ್ಟುವ ಹವ್ಯಾಸದ ಗೆಳೆಯರು ಒಂದು ಸುತ್ತು ಬಂದು, ಕೈ ಹಿಂದೆ ಕಟ್ಟಿಕೊಂಡು, ನಯವಾಗಿ "ಇದರ ಪ್ರಮಾಣ ಎಷ್ಟು?" ಎನ್ನುತ್ತಾರೆ. ಪ್ರಮಾಣ ಇಲ್ಲ. ಇದ್ದಿದ್ದರೆ ನಾನು ಇದರ ಸಹವಾಸಕ್ಕೇ ಬೀಳುತ್ತಿರಲಿಲ್ಲ. ಆಫೀಸಿನಲ್ಲಿ ನನ್ನ ಕೆಲಸ ಯಂತ್ರಭಾಗಗಳ ಡ್ರಾಯಿಂಗ್ ಪರಿಶೀಲಿಸುವುದು. ಹಗಲೆಲ್ಲ ಮಿಲಿಮೀಟರಿನ ನೂರನೇ ಭಾಗಕ್ಕೆ ಜಗಳವಾಡಿ ಬಂದವನಿಗೆ ಮನೆಗಿಂತ ಎತ್ತರದ ದೀಪದ ಕಂಬ ಕೊಡುವ ನೆಮ್ಮದಿಯನ್ನು ಆ ಗೆಳೆಯರಿಗೆ ಹೇಗೆ ವಿವರಿಸಲಿ?

ಶುರುವಾದದ್ದು ಒಂದು ಗರಾಜ್ ಸೇಲಿನಲ್ಲಿ. ನ್ಯೂಜೆರ್ಸಿಯಲ್ಲಿ ನೆಲೆಸಿದ ಮೊದಲ ವರ್ಷಗಳಲ್ಲಿ ಶನಿವಾರ ಬೆಳಗ್ಗೆ ಊರೂರು ಸುತ್ತಿ ಕುರ್ಚಿ, ಮೇಜು, ಮಗುವಿನ ತೊಟ್ಟಿಲು ಇಂಥದ್ದನ್ನೆಲ್ಲ ಹೆಕ್ಕಿ ತರುವುದು ನಮಗೆ ಮನರಂಜನೆಯೂ ಆಗಿತ್ತು, ಅಗತ್ಯವೂ ಆಗಿತ್ತು. ಒಂದು ಮನೆಯ ಮುಂದೆ, ಹಳೆಯ ಪರದೆಗಳ ಪೆಟ್ಟಿಗೆಯ ತಳದಲ್ಲಿ, ಅಂಗೈಯಗಲದ ತಗಡಿನ ಮನೆಯೊಂದು ಸಿಕ್ಕಿತು. ಕೆನೆ ಬಣ್ಣದ ಗೋಡೆ, ಕೆಂಪು ಛಾವಣಿ, ಒಂದು ಮೂಲೆ ತುಕ್ಕು ಹಿಡಿದು ಕಂದಾಗಿತ್ತು. ತಿರುವಿ ನೋಡಿದರೆ ಒಳಗೆ ಹಿತ್ತಾಳೆಯ ಬಲ್ಬ್ ಹೋಲ್ಡರು. "ರೀ, ತೊಟ್ಟಿಲು ನೋಡೋಕೆ ಬಂದಿದ್ದು" ಎಂದಳು ನನ್ನಾಕೆ. ತೊಟ್ಟಿಲೂ ಬಂತು, ಮನೆಯೂ ಬಂತು. ಆ ರಾತ್ರಿ ಹೊಸ ವೈರು ಸೇರಿಸಿ, ಸಣ್ಣ ಬಲ್ಬೊಂದನ್ನು ಹಾಕಿ, ಕೋಣೆಯ ದೀಪ ಆರಿಸಿದೆ. ತಗಡಿನ ಕಿಟಕಿಗಳಿಂದ ಹಳದಿ ಬೆಳಕು ಮೇಜಿನ ಮೇಲೆ ಬಿತ್ತು. ಆ ಮನೆಯೊಳಗೆ ಯಾರೋ ಊಟಕ್ಕೆ ಕೂತಿದ್ದಾರೆ ಎಂದು ನನಗೆ ಸಂದೇಹವೇ ಇಲ್ಲದಂತೆ ಅನ್ನಿಸಿತು.

ಅದು ಲಯನೆಲ್ ಕಂಪನಿಯ 184ನೇ ನಂಬರಿನ ಬಂಗಲೆ ಎಂದು ಆಮೇಲೆ ತಿಳಿಯಿತು. ಲಯನೆಲ್ಲನ್ನು 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದವನು ಜೋಶುವಾ ಲಯನೆಲ್ ಕೋವೆನ್. ಅಂಗಡಿಯ ಕಿಟಕಿಯಲ್ಲಿ ಸರಕಿನತ್ತ ಜನರ ಕಣ್ಣು ಸೆಳೆಯಲು ಅವನು ವಿದ್ಯುತ್ತಿನಿಂದ ಸುತ್ತುವ ಒಂದು ಗಾಡಿ ಮಾಡಿಕೊಟ್ಟನಂತೆ, ಗಿರಾಕಿಗಳು ಸರಕು ಬಿಟ್ಟು ಗಾಡಿಯನ್ನೇ ಕೇಳಿದರಂತೆ. ಕಂಪನಿ ಬೆಳೆದು ಕಾರ್ಖಾನೆ ನ್ಯೂಜೆರ್ಸಿಯ ಇರ್ವಿಂಗ್ಟನ್ನಿಗೆ ಬಂತು. ನಮ್ಮ ಮನೆಯಿಂದ ಅದು ದೂರವೇನಲ್ಲ. ಆದರೆ 1920ರ ದಶಕದಲ್ಲಿ ಅಚ್ಚುಗಳು, ವಿನ್ಯಾಸಗಳು ಬಹಳಷ್ಟು ಬರುತ್ತಿದ್ದುದು ಇಟಲಿಯ ನೇಪಲ್ಸಿನಿಂದ. ಕಾರ್ಖಾನೆಯ ಮುಖ್ಯಸ್ಥ ಮಾರಿಯೋ ಕರುಸೋ ಅಲ್ಲಿ ಲಾ ಪ್ರೆಸೀಜಾ ಎಂಬ ಕಾರ್ಖಾನೆಯನ್ನು ನಡೆಸುತ್ತಿದ್ದ. ಅಮೆರಿಕದ ಮಕ್ಕಳಿಗೆಂದು ಮಾಡಿದ ಈ ಬಂಗಲೆ, ವಿಲ್ಲಾಗಳಲ್ಲಿ ಸಮುದ್ರತೀರದ ಬಿಸಿಲಿನ ಬಣ್ಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನಾನು ಕೊಟ್ಟುಕೊಂಡಿರುವ ಉತ್ತರ ಇದೇ.

ನಾನು ತಗಡು ಎನ್ನುತ್ತಿರುವ ಟಿನ್‌ಪ್ಲೇಟ್ ಎಂದರೆ ಮೂಲದಲ್ಲಿ ತೆಳು ಉಕ್ಕಿನ ಹಾಳೆಗೆ ತವರದ ಲೇಪ. ನಮ್ಮ ಅಡುಗೆಮನೆಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರಲ್ಲ, ಅದೇ ತವರ. ಈ ಹಾಳೆಯ ಮೇಲೆ ಮೊದಲು ಇಟ್ಟಿಗೆ, ಕಿಟಕಿ, ಬಳ್ಳಿ, ನಾಮಫಲಕ ಎಲ್ಲವನ್ನೂ ಚಪ್ಪಟೆಯಾಗಿಯೇ ಅಚ್ಚು ಹಾಕುತ್ತಾರೆ. ಆಮೇಲೆ ಪ್ರೆಸ್ಸಿನಲ್ಲಿ ಕತ್ತರಿಸಿ, ಮಡಿಚಿ, ಒಂದು ತುಂಡಿನ ನಾಲಗೆಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಬಗ್ಗಿಸಿದರೆ ಸ್ಟೇಷನ್ನು ತಯಾರು. ಲೂಯಿ ಮಾರ್ಕ್ಸ್ ಎಂಬ ಆಟಿಕೆಯ ಸಾಹುಕಾರ ಪೆನ್ಸಿಲ್ವೇನಿಯಾದ ಜಿರಾರ್ಡಿನಲ್ಲಿ ಹೀಗೆ ಅಚ್ಚು ಹಾಕಿದ ಅಗ್ಗದ ರೈಲುಗಳನ್ನು ರಾಶಿರಾಶಿ ತಯಾರಿಸಿ ಬಡವರ ಮನೆಗೂ ತಲುಪಿಸಿದ. ಲಯನೆಲ್ಲಿನದು ಶ್ರೀಮಂತರ ಕಟ್ಟು. ಗೋಡೆ ಛಾವಣಿಗಳಿಗೆ ಎನಾಮೆಲ್ ಬಣ್ಣ ಕೊಟ್ಟು ಒಲೆಯಲ್ಲಿ ಬೇಯಿಸುತ್ತಿದ್ದರು, ಕಿಟಕಿಗೆ ಹಿತ್ತಾಳೆಯ ಚೌಕಟ್ಟು ಕೂರಿಸುತ್ತಿದ್ದರು. ಸಂಗ್ರಾಹಕರು ಇವೆರಡನ್ನೂ ಟಿನ್‌ಪ್ಲೇಟ್ ಎಂದೇ ಕರೆಯುತ್ತಾರೆ. ನನ್ನ ಊರಿನಲ್ಲಿ ಇಬ್ಬರ ಕಟ್ಟಡಗಳೂ ಅಕ್ಕಪಕ್ಕ ಇವೆ, ಯಾರೂ ತಕರಾರು ಮಾಡಿಲ್ಲ.

ಒಂದು ಬಂಗಲೆಯಿಂದ ಊರು ಆಗುವುದಕ್ಕೆ ವರ್ಷಗಳು ಹಿಡಿದವು. ಪೆನ್ಸಿಲ್ವೇನಿಯಾದ ಯಾರ್ಕ್ ಎಂಬ ಊರಿನಲ್ಲಿ ಪ್ರತಿ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ರೈಲು ಸಂಗ್ರಾಹಕರ ಸಂಘದ ದೊಡ್ಡ ಸಂತೆ ಸೇರುತ್ತದೆ. 1954ರಲ್ಲಿ ಹುಟ್ಟಿದ ಸಂಘ ಅದು. ಸಾಲುಸಾಲು ಸಭಾಂಗಣಗಳಲ್ಲಿ ಮೇಜುಗಳು, ಮೇಜುಗಳ ಹಿಂದೆ ನನಗಿಂತ ಹಿರಿಯರು, ಮುಂದೆ ತಗಡು. ಒಂದು ಸಲ ದೀಪದ ಕಂಬ, ಇನ್ನೊಂದು ಸಲ ಸಿಗ್ನಲ್ ಟವರು, ಮತ್ತೊಮ್ಮೆ ಹಿತ್ತಾಳೆ ಫಲಕದಲ್ಲಿ ಲಯನೆಲ್ ಸಿಟಿ ಎಂದು ಬರೆದ 124ನೇ ನಂಬರಿನ ಸ್ಟೇಷನ್ನು. 840ನೇ ನಂಬರಿನ ಪವರ್ ಹೌಸನ್ನು ಮಾತ್ರ ಇವತ್ತಿಗೂ ದೂರದಿಂದ ನೋಡಿ ಬರುತ್ತೇನೆ. ಅದು ನನ್ನ ಮೇಜಿಗೂ ದೊಡ್ಡದು, ಜೇಬಿಗೂ ದೊಡ್ಡದು.

ಸಂತೆಯಲ್ಲಿ ಕಿವಿಗೆ ಬೀಳುವ ಮುಖ್ಯ ವಾದ ಒಂದೇ: ಹಳೆಯ ತಗಡಿಗೆ ಹೊಸ ಬಣ್ಣ ಬಳಿಯಬಹುದೇ? ಬಳಿದರೆ ಬೆಲೆ ಬಿದ್ದುಹೋಗುತ್ತದೆ, ಅದು ವ್ಯಾಪಾರದ ಮಾತು. ನಾನು ಬಳಿಯದೇ ಇರುವುದಕ್ಕೆ ಕಾರಣ ಬೇರೆ. ಹೊಸ ಬಣ್ಣ ಕೊಡಬೇಕೆಂದರೆ ಕಟ್ಟಡವನ್ನು ಬಿಚ್ಚಬೇಕು, ಬಿಚ್ಚಬೇಕೆಂದರೆ ಆ ನಾಲಗೆಗಳನ್ನು ನೆಟ್ಟಗೆ ಮಾಡಬೇಕು. ಎಂಬತ್ತು ತೊಂಬತ್ತು ವರ್ಷ ಬಗ್ಗಿಯೇ ಇದ್ದ ಉಕ್ಕು ಒಂದು ಸಲ ನೆಟ್ಟಗಾಗಲು ಒಪ್ಪುತ್ತದೆ, ಎರಡನೇ ಸಲ ಪಟಕ್ಕನೆ ಮುರಿಯುತ್ತದೆ. ಆದ್ದರಿಂದ ತುಕ್ಕನ್ನು ಮೆಲ್ಲಗೆ ಉಜ್ಜಿ ಅಷ್ಟಕ್ಕೇ ನಿಲ್ಲಿಸುತ್ತೇನೆ, ಎನಾಮೆಲ್ಲಿಗೆ ಸ್ವಲ್ಪ ಮೇಣ. ಅಚ್ಚು ಹಾಕಿದ ತಗಡಿಗೆ ನೀರೂ ಬೇಡ, ಬಿಸಿಲೂ ಬೇಡ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಎರಕದ ಭಾಗಗಳ ಕಥೆಯೇ ಬೇರೆ. ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಚಕ್ರ, ಚೌಕಟ್ಟು ತಾವಾಗಿಯೇ ಉಬ್ಬಿ, ಬಿರುಕುಬಿಟ್ಟು, ಪುಡಿಯಾಗುತ್ತವೆ. ಅದಕ್ಕೆ ಮದ್ದಿಲ್ಲ. ಸಾದಾ ತಗಡು ಮಾತ್ರ ಉಳಿದುಕೊಂಡು ಬಂದಿದೆ.

ಮೇಜು ಕಟ್ಟಿದ್ದು ಎರಡು ಪ್ಲೈವುಡ್ ಹಾಳೆ ಜೋಡಿಸಿ. ಮೇಲೆ ಹೋಮಸೋಟ್ ಎಂಬ ಕಾಗದದ ತಿರುಳಿನ ಹಲಗೆ. ಇದನ್ನು ಮಾಡುವುದೂ ನ್ಯೂಜೆರ್ಸಿಯಲ್ಲೇ, ವೆಸ್ಟ್ ಟ್ರೆಂಟನ್ನಿನಲ್ಲಿ. ಇದಿಲ್ಲದಿದ್ದರೆ ತಗಡಿನ ಗಾಡಿ ಓಡುವ ಸದ್ದಿಗೆ ಮೇಲಿನ ಮಹಡಿಯಲ್ಲಿ ಸಂಸಾರ ನಡೆಯುವುದಿಲ್ಲ. ಎತ್ತರ ಎಷ್ಟಿರಬೇಕು ಎಂಬುದಕ್ಕೆ ಮಾತ್ರ ಬಹಳ ತಲೆ ಕೆಡಿಸಿಕೊಂಡೆ. ಕೊನೆಗೆ ಸ್ಟೂಲಿನ ಮೇಲೆ ಕೂತಾಗ ಬಂಗಲೆಯ ಕಿಟಕಿ ನನ್ನ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿದೆ. ನಿಂತು ನೋಡಿದರೆ ಇದು ಆಟಿಕೆಗಳ ಗುಂಪು. ಕೂತು, ದೀಪ ಹಾಕಿ ನೋಡಿದರೆ ಊರು. ಈ ಕಟ್ಟಡಗಳನ್ನು ಮಾಡಿದವರು ನೆಲದ ಮೇಲೆ ಬೋರಲು ಮಲಗಿದ ಹುಡುಗನ ಕಣ್ಣಿಗಾಗಿ ಮಾಡಿದ್ದರು, ಅವನ ಕೈಯಲ್ಲಿ ಸ್ಕೇಲು ಇರಲಿಲ್ಲ.

ಸ್ಕೇಲು ಆಮೇಲೆ ಬಂತು. 1937ರಲ್ಲಿ ಲಯನೆಲ್ಲೇ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಹಡ್ಸನ್ ಎಂಜಿನ್ನನ್ನು ಅಳತೆಗೆ ಸರಿಯಾಗಿ, ಕಪ್ಪಾಗಿ, 75 ಡಾಲರಿಗೆ ಹೊರತಂದಿತು. ಅದ್ಭುತವಾದ ಎಂಜಿನ್ನು, ಒಪ್ಪಿದೆ. ಅದರ ಪಕ್ಕದಲ್ಲಿ ನವಿಲು ಬಣ್ಣದ ಎಂಜಿನ್ನು ನಾಚಿಕೊಳ್ಳಬೇಕಾಯಿತು. 1942ರಲ್ಲಿ ಯುದ್ಧಕ್ಕಾಗಿ ಆಟಿಕೆ ತಯಾರಿಕೆ ನಿಂತಿತು. ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಮನೆಗಳು ಬಂದವು, ಹಗುರ, ಅಗ್ಗ, ನಿಜದಂತೆ ಕಾಣುವಂಥವು. ದೊಡ್ಡ ತಗಡಿನ ಊರುಗಳು ಅಟ್ಟ ಸೇರಿದವು.

ಅಪ್ಪ ಮೊದಲ ಸಲ ನಮ್ಮಲ್ಲಿಗೆ ಬಂದಾಗ ಊರು ಅರ್ಧ ಆಗಿತ್ತು. ಅಪ್ಪ ರೈಲ್ವೆಯಲ್ಲಿದ್ದವರು. ಮೈಸೂರು ಡಿವಿಜನ್ನಿನ ಬೀರೂರು, ಶಿವಮೊಗ್ಗ ಮಾರ್ಗದ ಸಣ್ಣ ಸ್ಟೇಷನ್ನುಗಳಲ್ಲಿ, ಮೀಟರ್ ಗೇಜ್ ಕಾಲದಲ್ಲಿ, ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರು. ನ್ಯೂಯಾರ್ಕಿನ ಎತ್ತರದ ಕಟ್ಟಡಗಳನ್ನು ನೋಡಿ ಅವರು ಹೆಚ್ಚೇನೂ ಹೇಳಲಿಲ್ಲ. ಬೇಸ್‌ಮೆಂಟಿಗೆ ಇಳಿದು ಬಂದವರು ಕನ್ನಡಕ ಸರಿಮಾಡಿಕೊಂಡು ಮೇಜಿನ ಸುತ್ತ ಇನ್‌ಸ್ಪೆಕ್ಷನ್ನಿಗೆ ಬಂದ ಅಧಿಕಾರಿಯಂತೆ ನಡೆದರು. ಪ್ರಮಾಣದ ಬಗ್ಗೆ ಒಂದು ಮಾತಿಲ್ಲ. ಗೇಟಿನ ಹತ್ತಿರ ನಿಂತು, "ಗಾಡಿ ಬಿಡೋ, ನೋಡೋಣ" ಎಂದರು.

45ನೇ ನಂಬರಿನ ಗೇಟ್‌ಮ್ಯಾನ್ ಲಯನೆಲ್ಲಿನ ಪುಣ್ಯಪುರುಷರಲ್ಲೊಬ್ಬ. 1934ರಲ್ಲಿ ಸಾಲದಿಂದ ಕಂಪನಿ ರಿಸೀವರುಗಳ ಕೈಗೆ ಹೋಗಿತ್ತು. ಅದರಿಂದ ಹೊರಬಂದ ವರ್ಷವೇ, 1935ರಲ್ಲಿ, ಈ ಗೇಟ್‌ಮ್ಯಾನ್ ಕ್ಯಾಟಲಾಗಿಗೆ ಬಂದ. ಗಾಡಿ ಹತ್ತಿರವಾದಾಗ ಗುಡಿಸಲಿನ ಬಾಗಿಲು ತೆರೆದು, ಕೈಯಲ್ಲಿ ಲಾಟೀನು ಹಿಡಿದು, ಹೊರಗೆ ಬರುತ್ತಾನೆ. ಗಾಡಿ ಹೋದ ಮೇಲೆ ಒಳಗೆ ಹೋಗುತ್ತಾನೆ. ಅಷ್ಟೇ. ಇಷ್ಟಕ್ಕೇ ಮಕ್ಕಳು ಇವತ್ತಿಗೂ ಕಿರುಚುತ್ತಾರೆ.

ಅಪ್ಪ ಕಿರುಚಲಿಲ್ಲ. "ಎಂಜಿನ್ ಗೇಟಿನ ಮೇಲೆ ಬಂದಮೇಲೆ ಹೊರಗೆ ಬರ್ತಾನಲ್ಲೋ ಇವನು! ಇವನನ್ನ ಸಸ್ಪೆಂಡ್ ಮಾಡ್ಬೇಕು."

"ಅಪ್ಪ, ಅದು ಆಟಿಕೆ. ಅದು ಇರೋದೇ ಹಾಗೆ."

"ಎತ್ತಿನಗಾಡಿ ಆಗಲೇ ಹಳಿ ಮೇಲೆ ಬಂದಿರುತ್ತೆ. ಆಮೇಲೆ ಲಾಟೀನು ತೋರಿಸಿ ಏನು ಪ್ರಯೋಜನ? ಹೇಗೆ ಕೆಲಸ ಮಾಡುತ್ತೆ ಇದು?"

ತೋರಿಸಿದೆ. ಈ ಹಳಿಗೆ ಮೂರು ಕಂಬಿ. ನಡುವಿನ ಕಂಬಿಯಲ್ಲಿ ಕರೆಂಟು, ಹೊರಗಿನ ಎರಡೂ ವಾಪಸು ದಾರಿ. ಹೊರಗಿನ ಎರಡರಲ್ಲಿ ಒಂದನ್ನು ಸ್ವಲ್ಪ ದೂರದವರೆಗೆ ಪ್ರತ್ಯೇಕಿಸಿ, ಸ್ಲೀಪರಿಗೂ ಅದಕ್ಕೂ ನಡುವೆ ರಟ್ಟಿನ ಪಟ್ಟಿ ಇಟ್ಟು, ತುದಿಗಳಲ್ಲಿ ಲೋಹದ ಬದಲು ಫೈಬರಿನ ಪಿನ್ನು ಹಾಕಿದರೆ ಆ ತುಂಡು ಮಿಕ್ಕ ಹಳಿಯಿಂದ ಬೇರೆಯಾಗುತ್ತದೆ. ಗೇಟ್‌ಮ್ಯಾನಿನ ವೈರನ್ನು ಆ ತುಂಡಿಗೆ ಕಟ್ಟಬೇಕು. ಗಾಡಿಯ ಚಕ್ರ, ಅಚ್ಚು ಎಲ್ಲ ಲೋಹ. ಮೊದಲ ಅಚ್ಚು ಆ ತುಂಡಿನ ಮೇಲೆ ಬಂದ ತಕ್ಷಣ ಎರಡೂ ಹೊರಗಂಬಿಗಳನ್ನು ಸೇರಿಸುತ್ತದೆ, ಸರ್ಕೀಟು ಪೂರ್ತಿಯಾಗುತ್ತದೆ, ಗುಡಿಸಲಿನ ಕೆಳಗಿನ ಸುರುಳಿ ಎಳೆಯುತ್ತದೆ, ಮನುಷ್ಯ ಹೊರಗೆ ಬರುತ್ತಾನೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಟ್ರ್ಯಾಕ್ ಸರ್ಕೀಟು" ಎಂದರು ಆಮೇಲೆ. ಹೌದು. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಕಂಡುಹಿಡಿದದ್ದು, ಹಳಿಯ ಮೇಲೆ ಗಾಡಿ ಇದೆಯೇ ಇಲ್ಲವೇ ಎಂದು ಅದರ ಅಚ್ಚುಗಳೇ ಹೇಳುವಂತೆ ಮಾಡಿದ್ದು. ದೊಡ್ಡ ರೈಲ್ವೆಯ ಸುರಕ್ಷತೆ ಇವತ್ತಿಗೂ ಬಹುಪಾಲು ಅದರ ಮೇಲೆ ನಿಂತಿದೆ. "ನಾನಿದ್ದ ಒಂದು ಸ್ಟೇಷನ್ನಲ್ಲೂ ಇದು ಇರಲಿಲ್ಲ ಕಣೋ" ಎಂದರು ಅಪ್ಪ. "ನಾವು ಕೊನೇ ಡಬ್ಬಿ ಕಣ್ಣಲ್ಲಿ ನೋಡಿದ ಮೇಲೇ ಗಾಡಿ ಪೂರ್ತಿ ಬಂತು ಅಂತ ಹೇಳ್ತಿದ್ದಿದ್ದು. ಹುಡುಗರ ಆಟದ ಸಾಮಾನಿಗೆ 35ನೇ ಇಸವೀಲೇ ಹಾಕಿದಾರೆ ನೋಡು!"

ಮರುದಿನವೇ ಗೇಟಿನ ರಿಪೇರಿ ಶುರುವಾಯಿತು. ಗಾಡಿ ಬರುವ ಕಡೆಗೆ ಪ್ರತ್ಯೇಕಿಸಿದ ಕಂಬಿಯನ್ನು ಇನ್ನೂ ಎರಡು ತುಂಡಿನಷ್ಟು ಉದ್ದ ಮಾಡಿದೆವು. ಗಾಡಿ ತಿರುವಿನಲ್ಲಿ ಇರುವಾಗಲೇ ಗೇಟ್‌ಮ್ಯಾನ್ ಹೊರಗೆ ಬರಬೇಕು, ಕೊನೆಯ ಅಚ್ಚು ದಾಟುವವರೆಗೂ ನಿಂತಿರಬೇಕು. ಅಪ್ಪ ಸ್ಲೀಪರಿನ ಕಿವಿಗಳನ್ನು ಎತ್ತಿ ರಟ್ಟು ಕತ್ತರಿಸಿ ಕೂರಿಸಿದರು, ನಾನು ವೈರು ಎಳೆದೆ. ಎಂಟನೇ ಕ್ಲಾಸಿನಲ್ಲಿ ರೇಡಿಯೋ ಬಿಚ್ಚಿ ಹಾಕಿದ್ದಕ್ಕೆ ಬೈಸಿಕೊಂಡ ಮೇಲೆ ಅಪ್ಪನೂ ನಾನೂ ಒಂದೇ ಸ್ಕ್ರೂಡ್ರೈವರಿಗೆ ಕೈ ಚಾಚಿದ್ದು ಇದೇ ಮೊದಲು.

ಅಲ್ಲಿಂದ ಮುಂದೆ ಊರು ಅವರ ವಶಕ್ಕೆ ಹೋಯಿತು. ನಮ್ಮ ಮೇಜಿನಲ್ಲಿ ಒಂದು ಮುಖ್ಯ ಮಾರ್ಗ, ಸ್ಟೇಷನ್ನಿನಲ್ಲಿ ಒಂದು ಲೂಪು, ಎರಡು ಗಾಡಿ. ಒಂದನ್ನು ನಾನು, ಇನ್ನೊಂದನ್ನು ಮಗಳು ಓಡಿಸುತ್ತಿದ್ದೆವು. ಎದುರುಬದುರಾಗಿ ಗುದ್ದಿಸುವುದೇ ಅವಳಿಗೆ ಆಟದ ಸಾರ. ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅವರ ಕಾಲದಲ್ಲಿ ಒಂಟಿ ಮಾರ್ಗದ ಎರಡು ಸ್ಟೇಷನ್ನುಗಳ ನಡುವೆ ಟೋಕನ್ ಯಂತ್ರ ಇರುತ್ತಿತ್ತು. ಎರಡೂ ಕಡೆಯವರು ಒಪ್ಪಿದರೆ, ಅಂದರೆ ಲೈನ್ ಕ್ಲಿಯರ್ ಸಿಕ್ಕರೆ, ಒಂದೇ ಒಂದು ಉಕ್ಕಿನ ಚೆಂಡು ಹೊರಗೆ ಬರುತ್ತದೆ, ಅದು ಕೈಗೆ ಬಾರದೆ ಡ್ರೈವರು ಮುಂದಿನ ಸೆಕ್ಷನ್ನಿಗೆ ಹೋಗುವಂತಿಲ್ಲ. ಬೆತ್ತದ ಬಳೆಗೆ ಚೀಲ ಕಟ್ಟಿ, ಅದರಲ್ಲಿ ಚೆಂಡಿಟ್ಟು, ಓಡುವ ಎಂಜಿನ್ನಿನಿಂದ ಡ್ರೈವರು ತೋಳಿನಲ್ಲಿ ಸಿಕ್ಕಿಸಿಕೊಂಡು ಹೋಗುವುದನ್ನು ನಾನೂ ಬಾಲ್ಯದಲ್ಲಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿದ್ದೇನೆ. ಅಪ್ಪ ಸೊಸೆಯ ಹತ್ತಿರ ಒಂದು ಹಳೆಯ ಬಳೆ ಕೇಳಿ ತಂದರು. ಬಳೆ ಕೈಯಲ್ಲಿದ್ದವರು ಮಾತ್ರ ಗಾಡಿ ಬಿಡಬೇಕು.

"ಅಜ್ಜ, ಒಂದೇ ಒಂದ್ ಸಲ!" ಎಂದು ಮಗಳು ಬಳೆಯಿಲ್ಲದೆ ಹಿಡಿ ತಿರುಗಿಸಿದರೆ ಟ್ರಾನ್ಸ್‌ಫಾರ್ಮರಿನ ಪ್ಲಗ್ಗನ್ನೇ ಕಿತ್ತು ಕೂರುತ್ತಿದ್ದರು. "ಲೈನ್ ಕ್ಲಿಯರ್ ಕೇಳು, ಆಮೇಲೆ ನೋಡೋಣ." ಅವಳು ಗಂಟಲಲ್ಲಿ ಗಂಟೆ ಬಾರಿಸಿ ಲೈನ್ ಕ್ಲಿಯರ್ ಕೇಳಬೇಕು. ಎರಡು ವಾರದಲ್ಲಿ ಅವಳು ಅಜ್ಜನಿಗಿಂತ ಕಟ್ಟುನಿಟ್ಟಾದಳು. ನಾನು ಬಳೆಯನ್ನು ಮರೆತು ಕಾಫಿಗೆ ಎದ್ದು ಹೋದದ್ದಕ್ಕೆ ಇಡೀ ಊರಿನ ಸಂಚಾರ ನಿಲ್ಲಿಸಿದ್ದಳು.

ಊರಿನ ಅತಿ ದೊಡ್ಡ ಕಟ್ಟಡ ಹೆಲ್ ಗೇಟ್ ಸೇತುವೆ. 1928ರಲ್ಲಿ ಬಂದ 300ನೇ ನಂಬರು, ಎರಡು ಅಡಿಗಿಂತ ಉದ್ದ, ಎರಡೂ ಕಡೆ ಗೋಪುರ, ನಡುವೆ ಕಮಾನು. ಮೊದಲಿನವು ಕೆನೆ, ಹಸಿರು, 1935ರ ನಂತರದವು ದಂತದ ಬಣ್ಣ, ಬೆಳ್ಳಿ, ಕೆಂಪು ತಳ. ನನ್ನದು ಎರಡನೇ ಬಗೆಯದು, ಒಂದು ಗೋಪುರ ನೆಗ್ಗಿದೆ, ಆದ್ದರಿಂದಲೇ ನನಗೆ ದಕ್ಕಿತು. ಅಪ್ಪ ಅದನ್ನು ಮೆಚ್ಚಲಿಲ್ಲ. ಇಷ್ಟು ದೊಡ್ಡ ಕಮಾನು, ಕೆಳಗೆ ನದಿಯೂ ಇಲ್ಲ, ಒಂದೇ ಒಂದು ಹಳಿ, "ಯಾರಿಗೆ ತೋರಿಸ್ಕೊಳ್ಳೋಕೆ?" ಎಂದರು. ನಿಜವಾದದ್ದನ್ನೇ ತೋರಿಸೋಣ ಎಂದು ಒಂದು ಭಾನುವಾರ ನ್ಯೂಯಾರ್ಕಿನ ಅಸ್ಟೋರಿಯಾ ಪಾರ್ಕಿಗೆ ಕರೆದುಕೊಂಡು ಹೋದೆ.

1917ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ ಅದು, ಈಸ್ಟ್ ರಿವರಿನ ಮೇಲೆ. ಕಟ್ಟಿದ ಎಂಜಿನಿಯರು ಗುಸ್ತಾವ್ ಲಿಂಡೆಂಥಾಲ್. ಬಾಸ್ಟನ್ನಿಗೆ ಹೋಗುವ ಆಮ್‌ಟ್ರಾಕ್ ಗಾಡಿಗಳು ಈಗಲೂ ಅದರ ಮೇಲೇ ಹೋಗುತ್ತವೆ. ಅಪ್ಪ ಬೆಂಚಿನ ಮೇಲೆ ಕೂತು ತಲೆಯೆತ್ತಿ ಬಹಳ ಹೊತ್ತು ನೋಡಿದರು. ಒಂದು ಗಾಡಿ ದಾಟಿತು, ಕೊನೆಯ ಡಬ್ಬಿಯವರೆಗೂ ನೋಡಿದರು, ಅಭ್ಯಾಸಬಲ. ಆಗ ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಈ ಕಮಾನಿನ ಭಾರ ಇಳಿಯುವುದು ಕೆಳಗೆ, ಅದರ ಬುಡದಲ್ಲಿ. ಕಮಾನಿನ ಮೇಲ್ತುದಿ ಕಲ್ಲಿನ ಗೋಪುರಕ್ಕೆ ತಾಗಬೇಕಾದ ಅಗತ್ಯವೇ ಇರಲಿಲ್ಲ. ಮೊದಲ ನಕ್ಷೆಯಲ್ಲಿ ನಡುವೆ 15 ಅಡಿ ಖಾಲಿ ಬಿಟ್ಟಿದ್ದರು. ಆದರೆ ನೋಡಿದವರು ಗೋಪುರವೇ ಸೇತುವೆಯನ್ನು ಹಿಡಿದಿದೆ ಎಂದುಕೊಳ್ಳುತ್ತಾರೆ, ಖಾಲಿ ಜಾಗ ಕಂಡರೆ ಹೆದರುತ್ತಾರೆ ಎಂದು ಲಿಂಡೆಂಥಾಲ್ ಆ ಅಂತರವನ್ನು ಉಕ್ಕಿನ ತೊಲೆಗಳಿಂದ ತುಂಬಿಸಿದ.

"ಅಂದ್ರೆ ಆ ತೊಲೆ ಬರೀ ನೋಡೋರ ಸಮಾಧಾನಕ್ಕಾ?"

"ಹೌದಪ್ಪ."

"ಹಾಗಾದ್ರೆ ನಿನ್ನ ತಗಡಿನವನದ್ದೇನೂ ತಪ್ಪಿಲ್ಲ ಬಿಡು" ಎಂದರು. ಅದಾದ ಮೇಲೆ ಸೇತುವೆಯ ತಂಟೆಗೆ ಅವರು ಹೋಗಲಿಲ್ಲ. ನನಗೆ ಮಾತ್ರ ಆ ತೊಲೆಗಳು ತಲೆಯಲ್ಲಿ ಉಳಿದವು. ಸಾವಿರ ಅಡಿಯ ಲೆಕ್ಕ ಹಾಕಿದ ಎಂಜಿನಿಯರೂ ಕಣ್ಣಿಗೆಂದು ಒಂದಿಷ್ಟು ಉಕ್ಕನ್ನು ಖರ್ಚು ಮಾಡಿದ್ದ. ಪ್ರಮಾಣ ಕೇಳುವ ಗೆಳೆಯರಿಗೆ ಈಗ ನಾನು ಈ ಕಥೆ ಹೇಳುತ್ತೇನೆ. ಅವರು ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಊರಿಗೆ ಹೊರಡುವ ಮೊದಲು ಅಪ್ಪ ಒಂದು ಕೊನೆಯ ಕೆಲಸ ಮಾಡಿದರು. ನಮ್ಮ ಪ್ಯಾಸೆಂಜರ್ ಗಾಡಿಯ ಕೊನೆಯದು ಹಿಂಬದಿಯಲ್ಲಿ ಸಣ್ಣ ಕಟಾಂಜನ ಇರುವ ಅಬ್ಸರ್ವೇಷನ್ ಡಬ್ಬಿ. ಬಿಸ್ಕತ್ ಡಬ್ಬದ ಮುಚ್ಚಳದಿಂದ ಹೆಬ್ಬೆರಳಿನ ಉಗುರಿನಷ್ಟು ತಗಡು ಕತ್ತರಿಸಿ, ಹಳದಿ ಬಳಿದು, ಕಪ್ಪಿನಲ್ಲಿ ಎಲ್‌ವಿ ಎಂದು ಬರೆದು, ದಾರದಲ್ಲಿ ಆ ಕಟಾಂಜನಕ್ಕೆ ಕಟ್ಟಿದರು. ಕೊನೆಯ ಡಬ್ಬಿಯ ಬೋರ್ಡು. ಅದು ಕಂಡರೆ ಗಾಡಿ ನಡುದಾರಿಯಲ್ಲಿ ತುಂಡಾಗಿಲ್ಲ, ಪೂರ್ತಿ ಬಂದಿದೆ ಎಂದು ಅರ್ಥ. ಅಚ್ಚುಗಳು ಏನೇ ಹೇಳಲಿ, ಅಪ್ಪನಿಗೆ ಕಣ್ಣಲ್ಲಿ ನೋಡದೆ ತೃಪ್ತಿಯಿಲ್ಲ.

ಮುಂದಿನ ಕ್ರಿಸ್‌ಮಸ್ಸಿಗೆ ನಮ್ಮೂರಿನ ಲೈಬ್ರರಿಯವರು ಮಕ್ಕಳಿಗೆಂದು ಒಂದು ಸಣ್ಣ ಪ್ರದರ್ಶನ ಇಡಲು ಕೇಳಿದರು. ಸ್ಟೇಷನ್ನು, ಎರಡು ಬಂಗಲೆ, ಗೇಟು, ಒಂದು ಗಾಡಿ ಒಯ್ದೆ. ಮಕ್ಕಳ ಗುಂಪು ಕರಗಿದ ಮೇಲೆ ವಯಸ್ಸಾದ ಸಂಗ್ರಾಹಕರೊಬ್ಬರು ಬಂದು, ಜೇಬಿನಿಂದ ಭೂತಕನ್ನಡಿ ತೆಗೆದು, ಕೊನೆಯ ಡಬ್ಬಿಯ ಮುಂದೆ ಬಗ್ಗಿ ನಿಂತರು. ಬಣ್ಣ ನೋಡಿದರು, ದಾರ ನೋಡಿದರು, ಮತ್ತೆ ಬಣ್ಣ ನೋಡಿದರು. ಈ ಫಲಕ ಇರುವ ಡಬ್ಬಿಯನ್ನು ತಾನು ಇದುವರೆಗೆ ಕಂಡಿಲ್ಲ, ಕಾರ್ಖಾನೆಯಿಂದ ಹೀಗೇ ಬಂದದ್ದೇ, ಯಾವ ವರ್ಷದ್ದು ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಮೈಸೂರು ಡಿವಿಜನ್ನಿನದು ಎಂದೆ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮೈಸೂರಿನ ಸ್ಪೆಲಿಂಗ್ ಕೇಳಿದರು.

ಆ ಭಾನುವಾರ ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ.

"ಪ್ರದರ್ಶನ ಎಷ್ಟು ಹೊತ್ತಿಗೆ ಇತ್ತು?" ಎಂದರು.

"ಸಂಜೆ ಏಳಕ್ಕೆ."

"ಕತ್ತಲಾಗಿತ್ತು ತಾನೆ? ಬರೀ ಬೋರ್ಡು ಸಾಲದು ಕಣೋ, ಹಿಂದೆ ಕೆಂಪು ದೀಪ ಬೇಕು. ಹಾಕಿಸು, ಇಲ್ಲಾಂದ್ರೆ ಎನ್‌ಕ್ವೈರಿ ಆಗುತ್ತೆ."